ಟವೆಲ್ ಕೆಳಗಿನ ಬೆರಳು, ಕಾಗದದ ಮೇಲಿನ ಗುರುತು

ವಾರ್ಷಿಕ ಸಂಚಿಕೆಗೆ ಏನಾದರೂ ಬರೀರಿ ಅಂತ ನಮ್ಮ ವೇದಿಕೆಯ ಸಂಪಾದಕರು ಹೋದ ವರ್ಷಾನೂ ಕೇಳಿದ್ದರು. ನಾನು ವೈರ್ ಎಳೆಯೋನು, ಬರೆಯೋನಲ್ಲ ಅಂತ ತಪ್ಪಿಸಿಕೊಂಡಿದ್ದೆ. ಈ ಸಲ ನಾನೇ ಕೇಳಿ ಬರೀತಾ ಇದ್ದೀನಿ. ಕಾರಣ ಇಷ್ಟೇ. ಈ ವರ್ಷ ಹೊಸದಾಗಿ ಬಂದ ಇಬ್ಬರು ಹುಡುಗರು, ಒಬ್ಬ ಹಾಸನದ ಕಡೆಯವನು, ಒಬ್ಬ ಕೊಪ್ಪಳದವನು, ಒಂದು ಭಾನುವಾರ ನನ್ನ ಹತ್ತಿರ ಬಂದು ಫೋನಿನಲ್ಲಿ ಒಂದು ಕಾಗದ ತೋರಿಸಿ, "ಅಣ್ಣಾ, ಇದಕ್ಕೆ ಸೈನ್ ಮಾಡಬಹುದಾ?" ಅಂದರು. ಓದಿದೆ. ಏಳು ವರ್ಷದ ಹಿಂದೆ ಸಿಡ್ನಿಯಲ್ಲಿ ನಾನು ಸೈನ್ ಹಾಕಿದ್ದು ಹೆಚ್ಚೂಕಮ್ಮಿ ಅದೇ ಕಾಗದಕ್ಕೆ.

ಆ ಕಾಗದದ ವಿಷಯ ಕೊನೆಗೆ ಹೇಳ್ತೀನಿ. ಅದಕ್ಕೆ ಮೊದಲು ಮೂರು ವ್ಯಾಪಾರದ ಕಥೆ ಹೇಳಬೇಕು. ಒಂದು ನಮ್ಮೂರ ಕಡೆಯದು. ಒಂದು ಸಿಡ್ನಿ ಪಕ್ಕದ ಪ್ಯಾರಮಟ್ಟಾದ್ದು. ಇನ್ನೊಂದು ಮೆಲ್ಬರ್ನ್ ನಗರ ಹುಟ್ಟೋದಕ್ಕೂ ಮೊದಲು ಇಲ್ಲಿ ನಡೆದದ್ದು. ನಾನು ಐಟಿಐ ಓದಿದವನು, ಇತಿಹಾಸದ ಪಂಡಿತ ಅಲ್ಲ. ಲೈಸೆನ್ಸಿಗೆ ಅಂತ ಮೆಲ್ಬರ್ನ್‌ನಲ್ಲಿ ಗ್ಯಾಪ್ ಟ್ರೈನಿಂಗ್ ಮಾಡುವಾಗ ಸಂಜೆ ಹೊತ್ತು ಸ್ಟೇಟ್ ಲೈಬ್ರರಿಯಲ್ಲಿ ಕೂರ್ತಿದ್ದೆ. ಅಲ್ಲಿ ಹೀಟರ್ ಇತ್ತು, ವೈಫೈ ಪುಕ್ಕಟೆ. ಹಾಗೆ ಕೂತು ಓದಿದ್ದು ಇದು.

ಸಿದ್ಧಗಂಗೆ ಜಾತ್ರೆಯ ಟವೆಲ್

ನಮ್ಮೂರು ತಿಪಟೂರು ತಾಲ್ಲೂಕು. ಶಿವರಾತ್ರಿ ಹೊತ್ತಿಗೆ ತುಮಕೂರು ಹತ್ತಿರದ ಸಿದ್ಧಗಂಗೆಯಲ್ಲಿ ದನಗಳ ಜಾತ್ರೆ ಸೇರುತ್ತೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಪ್ಪ ಒಂದು ಜೊತೆ ಹಳ್ಳಿಕಾರ್ ಎತ್ತು ಮಾರೋಕೆ ಅಲ್ಲಿಗೆ ಹೋಗಿದ್ದರು, ನನ್ನನ್ನೂ ಕರಕೊಂಡು ಹೋಗಿದ್ದರು.

ನೋಡಿದವರಿಗೆ ಗೊತ್ತು, ಅಲ್ಲಿ ಬೆಲೆಯನ್ನ ಬಾಯಲ್ಲಿ ಹೇಳಲ್ಲ. ಕೊಳ್ಳೋನು ಎತ್ತಿನ ಹಲ್ಲು ನೋಡ್ತಾನೆ, ಸುಳಿ ನೋಡ್ತಾನೆ, ನಾಲ್ಕು ಹೆಜ್ಜೆ ನಡೆಸ್ತಾನೆ. ಆಮೇಲೆ ದಲ್ಲಾಳಿ ಹೆಗಲ ಮೇಲಿನ ಟವೆಲ್ ತೆಗೆದು ಕೈ ಮೇಲೆ ಹಾಕ್ಕೋತಾನೆ. ಕೊಳ್ಳೋನು ಅದರ ಕೆಳಗೆ ಕೈ ತೂರಿಸ್ತಾನೆ. ಒಳಗೆ ಬೆರಳು ಹಿಡಿಯೋದು, ಬಿಡೋದು, ಮಡಿಸೋದು. ಒಂದೊಂದು ಬೆರಳಿಗೆ ಎಷ್ಟು ಅನ್ನೋದು ಇಬ್ಬರಿಗೂ ಗೊತ್ತು. ಸುತ್ತ ನಿಂತ ಐವತ್ತು ಜನಕ್ಕೆ ಗೊತ್ತಾಗಲ್ಲ. ಮುಖ ಮಾತ್ರ ಕಾಣುತ್ತೆ, ಮುಖ ಏನೂ ಹೇಳಲ್ಲ.

ಮೊದಲ ಸಲ ಬಂದವನು ಕೈ ಕೊಡವಿ ಎದ್ದು ಹೋದ. ನನಗೆ ಅಳು ಬಂತು. ಅಪ್ಪ ಬೀಡಿ ಹಚ್ಚಿ, "ಹೋಗಲಿ ಬಿಡು, ಬರ್ತಾನೆ" ಅಂದರು. ಮಧ್ಯಾಹ್ನ ಊಟದ ಹೊತ್ತಿಗೆ ಅವನೇ ಬಂದ. ಮತ್ತೆ ಟವೆಲ್, ಮತ್ತೆ ಬೆರಳು. ಕೊನೆಗೆ ಅವನು ಸ್ವಲ್ಪ ದುಡ್ಡು ತೆಗೆದು ಅಪ್ಪನ ಕೈಗಿಟ್ಟ. ಅದೇ ಸಂಚಕಾರ. ಸಂಚಕಾರ ಇಸ್ಕೊಂಡ ಮೇಲೆ ಇನ್ನೊಬ್ಬ ಬಂದು ಎರಡು ಸಾವಿರ ಜಾಸ್ತಿ ಕೊಡ್ತೀನಿ ಅಂದರೂ ಎತ್ತು ಕೊಡೋ ಹಾಗಿಲ್ಲ. ಅಲ್ಲಿ ಒಂದು ಚೀಟಿಯೂ ಬರೆಯಲಿಲ್ಲ. ಬರೆಯೋ ಅಗತ್ಯವೂ ಇರಲಿಲ್ಲ. ಮುಂದಿನ ವರ್ಷ ಅದೇ ಜಾತ್ರೆಯಲ್ಲಿ ಅದೇ ಮುಖ ನೋಡಬೇಕಲ್ಲ.

ಈ ವ್ಯಾಪಾರದ ಕಟ್ಟಳೆ ನನಗೆ ಯಾರೂ ಪಾಠ ಮಾಡಲಿಲ್ಲ, ಹಾಗೇ ಮೈಗೆ ಹತ್ತಿತು. ಮೊದಲು ಹೇಳಿದ ಬೆಲೆ ಬೆಲೆಯಲ್ಲ, ಅದು ನಮಸ್ಕಾರ ಇದ್ದ ಹಾಗೆ, ಮಾತು ಶುರು ಅಂತ ಅರ್ಥ. ಎದ್ದು ಹೋಗೋದು ಮುಗಿದಂತಲ್ಲ. ಮುಖದ ಮೇಲೆ ಇಲ್ಲ ಅನ್ನೋದು ಒರಟು, "ನೋಡೋಣ" ಅಂದರೆ ಸಾಕು. ಕೊಟ್ಟ ಮಾತು ಕಾಗದಕ್ಕಿಂತ ದೊಡ್ಡದು. ಈ ಗಂಟು ಹೊತ್ತುಕೊಂಡೇ ನಾನು ಪೀಣ್ಯಕ್ಕೆ ಹೋದೆ, ದೋಹಾಕ್ಕೆ ಹೋದೆ, ಆಮೇಲೆ ಸಿಡ್ನಿಗೆ ಬಂದೆ.

ಪ್ಯಾರಮಟ್ಟಾದ ಮೀನು

ಸಿಡ್ನಿಯಲ್ಲಿ ನಾವೆಲ್ಲ ದೋಸೆ ತಿನ್ನೋಕೆ ಹ್ಯಾರಿಸ್ ಪಾರ್ಕಿಗೆ ಹೋಗ್ತೀವಿ. ಅಲ್ಲಿಂದ ಹತ್ತು ಹದಿನೈದು ನಿಮಿಷ ನಡೆದರೆ ಪ್ಯಾರಮಟ್ಟಾ ನದಿ. ಫೆರಿ ನಿಲ್ಲೋ ಜಾಗದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳದವರು ನಮ್ಮಲ್ಲಿ ಕಡಿಮೆ. ಆ ನದಿಯಲ್ಲಿ 1791ರಲ್ಲಿ ಒಂದು ಸಣ್ಣ ವ್ಯಾಪಾರ ನಡೀತಿತ್ತು.

1788ರ ಜನವರಿಯಲ್ಲಿ ಇಂಗ್ಲಿಷರ ಕೈದಿಗಳ ಹಡಗುಗಳು ಸಿಡ್ನಿಗೆ ಬಂದವು. ಗವರ್ನರ್ ಆರ್ಥರ್ ಫಿಲಿಪ್. ಮೂರು ವರ್ಷ ಇಬ್ಬರಿಗೂ ಒಬ್ಬರನ್ನ ಕಂಡರೆ ಒಬ್ಬರಿಗೆ ಅನುಮಾನ. 1789ರಲ್ಲಿ ಫಿಲಿಪ್ ಬೆನ್ನೆಲಾಂಗ್ ಅನ್ನೋ ಮೂಲನಿವಾಸಿಯನ್ನ ಹಿಡಿಸಿ ತರಿಸಿದ್ದ. ಭಾಷೆ ಕಲಿಯೋಕೆ, ಮಾತುಕತೆಗೆ ದಾರಿ ಮಾಡೋಕೆ ಅಂತ ಅವನ ಲೆಕ್ಕ. ಬೆನ್ನೆಲಾಂಗ್ ತಪ್ಪಿಸಿಕೊಂಡು ಹೋದ. 1790ರ ಸೆಪ್ಟೆಂಬರಿನಲ್ಲಿ ಮ್ಯಾನ್ಲಿ ಕಡಲ ತೀರದಲ್ಲಿ ಇಬ್ಬರೂ ಮತ್ತೆ ಎದುರಾದಾಗ, ಬೆನ್ನೆಲಾಂಗ್ ಜೊತೆಗಿದ್ದವನೊಬ್ಬ ಗವರ್ನರ್ ಹೆಗಲಿಗೆ ಈಟಿ ಎಸೆದ. ಫಿಲಿಪ್ ಬದುಕಿದ, ಸೇಡು ತೀರಿಸಿಕೊಳ್ಳಬೇಡಿ ಅಂತ ಸೈನಿಕರನ್ನ ತಡೆದ. ಅದಾದ ಕೆಲವೇ ವಾರದಲ್ಲಿ ಬೆನ್ನೆಲಾಂಗ್ ತಾನಾಗಿಯೇ ಸಿಡ್ನಿಗೆ ಬಂದು ಹೋಗೋದು ಶುರು ಮಾಡಿದ. ಅವನಿಗೆ ಕಟ್ಟಿಸಿಕೊಟ್ಟ ಗುಡಿಸಲು ಇದ್ದ ಜಾಗದಲ್ಲೇ ಈಗ ಆಪೆರಾ ಹೌಸ್ ಇದೆ. ಅವರ ಕಟ್ಟಳೆಯಲ್ಲಿ ತಪ್ಪು ಮಾಡಿದವನು ಈಟಿಯ ಎದುರು ನಿಲ್ಲಬೇಕು, ನಿಂತ ಮೇಲೆ ಲೆಕ್ಕ ಚುಕ್ತಾ. ಹಿಡಿದು ಕಟ್ಟಿ ಹಾಕಿದ್ದಕ್ಕೆ ಗವರ್ನರ್ ಲೆಕ್ಕ ಕೊಟ್ಟ, ಅದಕ್ಕೇ ಮಾತು ಬೆಳೀತು ಅಂತ ಕೆಲವು ಇತಿಹಾಸಕಾರರು ಹೇಳ್ತಾರೆ.

ಹೀಗೆ ಬಾಗಿಲು ತೆರೆದ ಮೇಲೆ ಪ್ಯಾರಮಟ್ಟಾದಲ್ಲಿ ಮೀನಿನ ವ್ಯಾಪಾರ ಕುದುರಿತು. ಬಲೂಡೆರಿ ಅನ್ನೋ ಯುವಕ ಮತ್ತೆ ಅವನ ಕಡೆಯವರು ಮೀನು ಹಿಡಿದು, ತಮಗೆ ಬೇಕಾದಷ್ಟು ಇಟ್ಟುಕೊಂಡು, ಉಳಿದದ್ದನ್ನ ಇಂಗ್ಲಿಷರಿಗೆ ಕೊಡೋರು. ಬದಲಿಗೆ ಬ್ರೆಡ್ಡು, ಉಪ್ಪು ಹಾಕಿದ ಮಾಂಸ ಇಸ್ಕೊಳ್ಳೋರು. ಆಗ ಕಾಲೊನಿಯಲ್ಲಿ ಊಟಕ್ಕೇ ಬರ. ಎರಡೂ ಕಡೆಗೂ ಅನುಕೂಲ.

ಒಂದು ದಿನ ಕೆಲವು ಕೈದಿಗಳು ಸುಮ್ಮಸುಮ್ಮನೆ ಬಲೂಡೆರಿಯ ಹೊಸ ತೊಗಟೆ ದೋಣಿಯನ್ನ ಒಡೆದು ಹಾಕಿದರು. ಅವನು ಮೈಗೆ ಕೆಂಪು ಬಳಿದುಕೊಂಡು, ಆಯುಧ ಹಿಡಿದು, ಸೀದಾ ಗವರ್ನರ್ ಹತ್ತಿರ ಹೋದ. ಫಿಲಿಪ್ ಆ ಕೈದಿಗಳನ್ನ ಹಿಡಿಸಿ ಶಿಕ್ಷೆ ಕೊಡಿಸಿದ. ಇಂಗ್ಲಿಷ್ ಕಾನೂನಿನ ಪ್ರಕಾರ ಕೇಸ್ ಮುಗೀತು. ಬಲೂಡೆರಿಯ ಕಟ್ಟಳೆಯಲ್ಲಿ ಮುಗಿದಿರಲಿಲ್ಲ, ನೊಂದವನ ಕೈಯಿಂದ ಆಗಬೇಕಾದ ಲೆಕ್ಕ ಹಾಗೇ ಇತ್ತು. ಕೆಲವು ದಿನ ಬಿಟ್ಟು ದಾರಿಯಲ್ಲಿ ಸಿಕ್ಕ ಒಬ್ಬ ಬಿಳಿಯನಿಗೆ ಈಟಿಯಿಂದ ತಿವಿದ. ದೋಣಿ ಒಡೆದವನು ಅವನೇ ಆಗಬೇಕು ಅಂತೇನಿಲ್ಲ, ಆ ಕುಲದವನು ಅಷ್ಟೆ. ಈಗ ಫಿಲಿಪ್‌ಗೆ ಸಿಟ್ಟು. ನ್ಯಾಯ ಕೊಟ್ಟ ಮೇಲೂ ಹೀಗೆ ಮಾಡಿದನಲ್ಲ ಅಂತ ಅವನನ್ನ ಹಿಡಿಯೋಕೆ ಆಜ್ಞೆ ಮಾಡಿದ. ಮೀನು ಬರೋದು ನಿಂತುಹೋಯಿತು.

ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿಯಾಗೇ ಇದ್ದರು. ಲೆಕ್ಕದ ಪುಸ್ತಕ ಎರಡಿತ್ತು, ಅಷ್ಟೆ. ಅದೇ ವರ್ಷ ಡಿಸೆಂಬರಿನಲ್ಲಿ ಬಲೂಡೆರಿ ಕಾಯಿಲೆ ಬಿದ್ದು ತೀರಿಕೊಂಡ. ಗವರ್ನರ್ ತನ್ನ ತೋಟದಲ್ಲೇ ಅವನ ಮಣ್ಣಿಗೆ ಜಾಗ ಕೊಟ್ಟ. ಮನುಷ್ಯರಾಗಿ ಒಬ್ಬರಿಗೊಬ್ಬರು ಬೇಕಾಗಿದ್ದರು ಅನ್ನೋದಕ್ಕೆ ಅದೇ ಸಾಕ್ಷಿ. ವ್ಯಾಪಾರ ಮಾತ್ರ ಉಳಿಯಲಿಲ್ಲ.

ಮೆರ್ರಿ ಕ್ರೀಕ್ ದಡದ ಕಂಬಳಿ

ಇದೇ ಪ್ಯಾರಮಟ್ಟಾದಲ್ಲಿ 1801ರಲ್ಲಿ ಜಾನ್ ಬ್ಯಾಟ್‌ಮನ್ ಅನ್ನೋನು ಹುಟ್ಟಿದ. ಸಿನಿಮಾದ ಬ್ಯಾಟ್‌ಮನ್ ಅಲ್ಲ. ದೊಡ್ಡವನಾದ ಮೇಲೆ ಟಾಸ್ಮೇನಿಯಾಕ್ಕೆ ಹೋಗಿ ಕುರಿ ಸಾಕಿದ. ಅಲ್ಲಿಯ ಮೂಲನಿವಾಸಿಗಳನ್ನ ಹಿಡಿಯೋ ತಂಡ ಕಟ್ಟಿ ರಕ್ತಾನೂ ಹರಿಸಿದ. ಅಲ್ಲಿ ಹುಲ್ಲುಗಾವಲು ಸಾಲದೆ ಹೋದಾಗ, ಕೆಲವು ದುಡ್ಡಿನವರ ಜೊತೆ ಸೇರಿ, ರೆಬೆಕಾ ಅನ್ನೋ ಹಡಗು ಹತ್ತಿ 1835ರಲ್ಲಿ ಪೋರ್ಟ್ ಫಿಲಿಪ್ ಕೊಲ್ಲಿಗೆ ಬಂದ. ಈಗ ನಾವು ಟಾರ್ನೀಟ್, ಪಾಯಿಂಟ್ ಕುಕ್, ವೆರಿಬೀ ಅಂತ ಮನೆ ಮಾಡಿಕೊಂಡಿರೋ ಕೊಲ್ಲಿಯ ಸುತ್ತಿನ ಜಾಗ.

ಬರುವಾಗಲೇ ಬ್ಯಾಟ್‌ಮನ್ ಕೈಯಲ್ಲಿ ಕರಾರುಪತ್ರ ಸಿದ್ಧವಾಗಿತ್ತು. ಗೆಲಿಬ್ರಾಂಡ್ ಅನ್ನೋ ವಕೀಲ ಹಳೇ ಇಂಗ್ಲಿಷ್ ಕಾನೂನಿನ ಭಾಷೆಯಲ್ಲಿ ಬರೆದದ್ದು. ಮಾತುಕತೆ ಆಮೇಲೆ, ಕಾಗದ ಮೊದಲು. ಜೊತೆಗೆ ಸಿಡ್ನಿ ಕಡೆಯ ಕೆಲವು ಮೂಲನಿವಾಸಿಗಳನ್ನ ಕರೆತಂದಿದ್ದ, ದುಭಾಷಿ ಕೆಲಸಕ್ಕೆ. ಅವರ ಭಾಷೆ ಬೇರೆ, ಇಲ್ಲಿಯ ವುರುಂಡ್ಜೆರಿ ಜನರ ಭಾಷೆ ಬೇರೆ. ಬೀದರಿನವನನ್ನ ಕರಕೊಂಡು ಹೋಗಿ ನಾಗಾಲ್ಯಾಂಡಿನಲ್ಲಿ, "ಎಲ್ಲಾ ಇಂಡಿಯನ್ಸೇ ಅಲ್ಲವಾ, ಮಾತಾಡು" ಅಂದ ಹಾಗೆ.

1835ರ ಜೂನ್ 6. ಮೆರ್ರಿ ಕ್ರೀಕ್ ಅನ್ನೋ ತೊರೆಯ ದಡದಲ್ಲಿ ಅಂತ ಹೆಚ್ಚಿನವರ ಅಭಿಪ್ರಾಯ. ಎಂಟು ಜನ ಹಿರಿಯರು ಕಾಗದದ ಮೇಲೆ ಗುರುತು ಹಾಕಿದರು ಅಂತ ಬ್ಯಾಟ್‌ಮನ್ ಹೇಳಿಕೊಂಡ. ಅವನು ಕೊಟ್ಟದ್ದು ಇಷ್ಟು: 20 ಜೊತೆ ಕಂಬಳಿ, 30 ಕೈಗೊಡಲಿ, 100 ಚಾಕು, 50 ಕತ್ತರಿ, 30 ಕನ್ನಡಿ, 200 ಕರವಸ್ತ್ರ, 100 ಪೌಂಡ್ ಹಿಟ್ಟು, 6 ಅಂಗಿ. ಪ್ರತಿ ವರ್ಷವೂ ಕಂಬಳಿ, ಚಾಕು, ಬಟ್ಟೆ, 5 ಟನ್ ಹಿಟ್ಟು ಕೊಡ್ತೀನಿ ಅಂತ ಬರೆದ. ಗೀಲಾಂಗ್ ಕಡೆಗೆ ಇನ್ನೊಂದು ಪತ್ರ. ಎರಡೂ ಸೇರಿ ಸುಮಾರು 6 ಲಕ್ಷ ಎಕರೆ ತನ್ನದಾಯಿತು ಅಂತ ಅವನ ಲೆಕ್ಕ. 2025ರವರೆಗೆ ಇದ್ದ ಬೆಂಗಳೂರು ನಗರಪಾಲಿಕೆಯ ವ್ಯಾಪ್ತಿಯ ಮೂರು ಪಟ್ಟಿಗೂ ಹೆಚ್ಚು.

ಕೊಟ್ಟವರ ಗುರುತಾಗಿ ಹಿರಿಯರು ಒಂದಿಷ್ಟು ಮಣ್ಣು ಕೈಗಿಟ್ಟರಂತೆ. ಇಂಗ್ಲಿಷರ ಹಳೇ ಕಾನೂನಿನಲ್ಲೂ ನೆಲ ಕೊಡುವಾಗ ಮಣ್ಣು ಕೈಗಿಡೋ ಪದ್ಧತಿ ಇತ್ತು. ನಮ್ಮ ಶಾಸನಗಳಲ್ಲಿ ಧಾರಾಪೂರ್ವಕ ಅಂತ ಬರುತ್ತಲ್ಲ, ನೀರು ಬಿಟ್ಟು ಕೊಟ್ಟರೆ ಮುಗೀತು, ಹಾಗೆ. ಬ್ಯಾಟ್‌ಮನ್ ಅದನ್ನ ಧಾರೆ ಎರೆದ ಹಾಗೇ ತಿಳಿದ.

ಎದುರು ಕೂತವರು ಏನು ತಿಳಿದಿದ್ದರು? ಇಲ್ಲಿಯ ಕುಲಿನ್ ಜನರಲ್ಲಿ ತಂಡೆರಮ್ ಅನ್ನೋ ಒಂದು ಆಚರಣೆ ಇದೆ. ಹೊರಗಿನವರು ಬಂದಾಗ, ನೆಲದ ಹಿರಿಯರು ಅವರನ್ನ ಕೂರಿಸಿ, ಸೊಪ್ಪು, ನೀರು, ಆಹಾರ ಕೊಟ್ಟು, ನೀವು ನಮ್ಮ ನೆಲದಲ್ಲಿ ಸ್ವಲ್ಪ ಕಾಲ ಇರಬಹುದು, ನಮ್ಮ ಕಟ್ಟಳೆಗೆ ನಡೆದುಕೊಳ್ಳಬೇಕು ಅಂತ ಒಪ್ಪಿಗೆ ಕೊಡೋದು. ಬಂದವರು ಕಾಣಿಕೆ ಕೊಡ್ತಾರೆ. ಜೂನ್ 6ರಂದು ಆ ಹಿರಿಯರು ಮಾಡಿದ್ದು ತಂಡೆರಮ್ ಇರಬೇಕು ಅಂತ ಇತಿಹಾಸಕಾರರು ಬರೆದಿದ್ದಾರೆ. ನೆಲ ಅವರಿಗೆ ಮಾರೋ ವಸ್ತುವೇ ಅಲ್ಲ. ಅಪ್ಪನನ್ನ ಮಾರು ಅಂದ ಹಾಗೆ. ಆಗ ಹನ್ನೊಂದು ವರ್ಷದ ಹುಡುಗನಾಗಿ ಅಲ್ಲಿದ್ದೆ ಅಂತ ಹೇಳಿದ ವಿಲಿಯಂ ಬರಾಕ್, ಮುಂದೆ ದೊಡ್ಡವನಾಗಿ ತನ್ನ ಜನರ ನೆಲಕ್ಕಾಗಿ ಮೆಲ್ಬರ್ನಿಗೆ ನಡೆದು ಬಂದು ಅರ್ಜಿ ಕೊಡುವ ನಾಯಕನಾದ.

ಈ ಕರಾರು ಮೂರು ತಿಂಗಳೂ ಬಾಳಲಿಲ್ಲ. 1835ರ ಆಗಸ್ಟ್ 26ರಂದು ಸಿಡ್ನಿಯ ಗವರ್ನರ್ ರಿಚರ್ಡ್ ಬರ್ಕ್ ಒಂದು ಘೋಷಣೆ ಹೊರಡಿಸಿದ. ಈ ನೆಲ ರಾಜನದು, ಮೂಲನಿವಾಸಿಗಳ ಜೊತೆ ಯಾರು ಏನೇ ಕರಾರು ಮಾಡಿಕೊಂಡರೂ ಅದಕ್ಕೆ ಬೆಲೆಯಿಲ್ಲ ಅಂತ. ಬ್ಯಾಟ್‌ಮನ್ ಕಂಪನಿಯವರಿಗೆ ಮುಂದೆ ನೆಲ ಕೊಳ್ಳುವಾಗ 7,000 ಪೌಂಡ್ ಮನ್ನಾ ಮಾಡಿ ಸಮಾಧಾನ ಮಾಡಿದರು. ಕುಲಿನ್ ಜನರಿಗೆ ವರ್ಷವರ್ಷದ ಕಂಬಳಿಯೂ ಬರಲಿಲ್ಲ, ನೆಲವೂ ಉಳಿಯಲಿಲ್ಲ. 1837ರ ಜೂನ್ 1ರಂದು ಮೆಲ್ಬರ್ನ್‌ನ ಮೊದಲ ಸೈಟುಗಳನ್ನ ಸರ್ಕಾರ ಹರಾಜು ಹಾಕಿತು.

ಬರ್ಕ್‌ನ ಆ ಮಾತು ಸುಳ್ಳು, ಈ ನೆಲಕ್ಕೆ ಮೊದಲೇ ಒಡೆಯರಿದ್ದರು ಅಂತ ಇಲ್ಲಿಯ ಹೈಕೋರ್ಟ್ ಒಪ್ಪಿಕೊಂಡಿದ್ದು 1992ರ ಜೂನ್ 3ರಂದು, ಮಾಬೋ ಕೇಸಿನಲ್ಲಿ. ವಿಕ್ಟೋರಿಯಾ ಸಂಸತ್ತು ಮೂಲನಿವಾಸಿಗಳ ಜೊತೆ ಒಪ್ಪಂದದ ಕಾಯ್ದೆ ಮಾಡಿದ್ದು 2025ರಲ್ಲಿ. ಒಂದು ದಿನದ ಮಾತುಕತೆ ನೆಟ್ಟಗೆ ಆಗದೆ ಹೋದರೆ ಸರಿಮಾಡೋಕೆ ಎಷ್ಟು ಕಾಲ ಬೇಕು ನೋಡಿ.

ನಾವು ಆಡಿದ ಆಟ

ಇದನ್ನ ಓದಿದ ಮೇಲೆ ನನಗೆ ಒಂದು ಅನುಮಾನ. ಅಷ್ಟು ಹಿರಿಯರು, ಅಷ್ಟು ಹೊತ್ತು ಕೂತು, ಹೀಗೆ ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಹೋಗುತ್ತಾ? ಹೋದ ಜೂನ್ ಲಾಂಗ್ ವೀಕೆಂಡ್‌ನಲ್ಲಿ ನಾವು ಹದಿನಾಲ್ಕು ಜನ ಪಾರ್ಕಿನಲ್ಲಿ ಸೇರಿದಾಗ ಒಂದು ಆಟ ಕಟ್ಟಿದೆ.

ಎರಡು ಗುಂಪು ಮಾಡಿದೆ. "ಬಂದವರು" ಗುಂಪಿಗೆ ಒಂದು ಚೀಟಿ: ಜಾಗ ಅನ್ನೋದು ಕೊಳ್ಳೋ ವಸ್ತು, ಒಂದು ಸಲ ಕೊಟ್ಟರೆ ಮುಗೀತು, ಎದುರಿನವರು ಸುಮ್ಮನಿದ್ದರೆ ಒಪ್ಪಿದರು ಅಂತ ಅರ್ಥ. "ಇದ್ದವರು" ಗುಂಪಿಗೆ ಇನ್ನೊಂದು ಚೀಟಿ: ಜಾಗ ಕೊಡೋಕೆ ಬರಲ್ಲ, ನೆಂಟರನ್ನ ಕೂರಿಸಿಕೊಳ್ಳಬಹುದು, ಕಾಣಿಕೆ ತಂದವರು ನಮ್ಮ ಮಾತು ಕೇಳಬೇಕು, ಮುಖದ ಮೇಲೆ ಇಲ್ಲ ಅನ್ನಬಾರದು. ಒಬ್ಬರ ಚೀಟಿ ಇನ್ನೊಬ್ಬರು ನೋಡೋ ಹಾಗಿಲ್ಲ. ಮೊದಲ ಗುಂಪಿಗೆ ತುಳು ಬರೋರನ್ನ ಹಾಕಿದೆ, ಅವರು ತುಳು ಬಿಟ್ಟು ಬೇರೆ ಆಡೋ ಹಾಗಿಲ್ಲ. ಎರಡನೇ ಗುಂಪಿನವರು ಕನ್ನಡ ಮಾತ್ರ. ದುಭಾಷಿಗೆ ನಮ್ಮ ರಾಯಚೂರಿನ ಗೆಳೆಯ, ಅವನಿಗೆ ತುಳು ಬರೋದು ಊಟ ಆಯ್ತಾ ಅನ್ನೋದಷ್ಟೇ. ವ್ಯಾಪಾರ ಏನಂದ್ರೆ, ಬಾರ್ಬಿಕ್ಯೂ ಇರೋ ಶೆಲ್ಟರ್ ಮತ್ತೆ ಹತ್ತು ಕೆಜಿ ಅಕ್ಕಿ ಚೀಲ.

ಇಪ್ಪತ್ತು ನಿಮಿಷದಲ್ಲಿ ಎಲ್ಲರೂ ಕೈ ಕುಲುಕಿದರು. ಚಪ್ಪಾಳೆ ಕೂಡ ಬಿತ್ತು. ಆಮೇಲೆ ಏನು ತೀರ್ಮಾನ ಆಯಿತು ಅಂತ ಬೇರೆ ಬೇರೆ ಬರೆಸಿದೆ. ಬಂದವರು ಬರೆದದ್ದು: "ಶೆಲ್ಟರ್ ನಮ್ಮದು. ಇನ್ಮೇಲೆ ಅವರು ಕೇಳಿ ಒಳಗೆ ಬರಬೇಕು." ಇದ್ದವರು ಬರೆದದ್ದು: "ಸಂಜೆವರೆಗೆ ಕೂತುಕೊಳ್ಳಲಿ. ನಾಳೆ ಬಂದರೆ ಮತ್ತೆ ಅಕ್ಕಿ ತರಲಿ." ಎರಡೂ ಚೀಟಿ ಗಟ್ಟಿಯಾಗಿ ಓದಿದಾಗ ನಕ್ಕೂ ನಕ್ಕೂ ಸಾಕಾಯಿತು. ಒಬ್ಬರೂ ಸುಳ್ಳು ಹೇಳಿರಲಿಲ್ಲ.

ನಗು ನಿಂತ ಮೇಲೆ ನಮ್ಮ ರಾಯಚೂರಿನವನು ಒಂದು ಮಾತು ಕೇಳಿದ. "ಅಲ್ಲೋ ಮಾರಾಯ, ಈಗ ರೇಂಜರ್ ಬಂದರೆ ಯಾರ ಚೀಟಿ ನಂಬ್ತಾನೆ?" ಆಟದಲ್ಲಿ ನಾನು ಬಿಟ್ಟಿದ್ದು ಅದನ್ನೇ. ರೀತಿನೀತಿ ಬೇರೆ ಅನ್ನೋದು ಅರ್ಧ ಕಥೆ. ಜಗಳ ಬಂದಾಗ ಸರ್ಕಾರ ಯಾರ ಕಾಗದದ ಹಿಂದೆ ನಿಲ್ಲುತ್ತೆ ಅನ್ನೋದು ಇನ್ನರ್ಧ. ಬ್ಯಾಟ್‌ಮನ್ ಪಾಪದವನಲ್ಲ, ಎದುರಿನವರಿಗೆ ಆ ಕಾಗದ ತಿಳಿಯಲ್ಲ ಅಂತ ಅವನಿಗೆ ತಿಳಿಯದೇ ಇರೋಕೆ ಸಾಧ್ಯವಿಲ್ಲ. ಕೊನೆಗೆ ಅವನ ಕಾಗದವನ್ನೂ ಅವನಿಗಿಂತ ದೊಡ್ಡ ಕಾಗದ ನುಂಗಿತು.

ಸನ್‌ಶೈನ್‌ನ 7 ಶಿಲ್ಲಿಂಗ್

ಹಾಗಾದರೆ ನಮ್ಮ ಕೂಲಿಯ ವಿಷಯದಲ್ಲಿ ಈ ದೇಶದ ಕಟ್ಟಳೆ ಏನು? ಅದಕ್ಕೂ ಮೆಲ್ಬರ್ನ್‌ನಲ್ಲೇ ಬೇರು ಇದೆ.

1856ರ ಏಪ್ರಿಲ್ 21ರಂದು ಇಲ್ಲಿಯ ಕಲ್ಲುಕುಟಿಗರು ಯೂನಿವರ್ಸಿಟಿ ಕಟ್ಟಡದ ಕೆಲಸ ನಿಲ್ಲಿಸಿ ಪಾರ್ಲಿಮೆಂಟ್ ಹೌಸ್ ಕಡೆಗೆ ಮೆರವಣಿಗೆ ಹೋದರು. ದಿನಕ್ಕೆ 8 ಗಂಟೆ ಕೆಲಸ ಅನ್ನೋದನ್ನ ಗೆದ್ದರು, ಸಂಬಳ ಕಡಿತ ಇಲ್ಲದೆ. ಒಬ್ಬೊಬ್ಬನೇ ಮೇಸ್ತ್ರಿ ಹತ್ತಿರ ಹೋಗಿ ಚೌಕಾಸಿ ಮಾಡಲಿಲ್ಲ, ಎಲ್ಲರೂ ಒಟ್ಟಿಗೆ ಹೋದರು.

1907ರಲ್ಲಿ ಇನ್ನೊಂದು ದೊಡ್ಡ ತೀರ್ಪು. ಮೆಲ್ಬರ್ನ್ ಪಶ್ಚಿಮದ ಸನ್‌ಶೈನ್‌ನಲ್ಲಿ ಮೆಕೇ ಅನ್ನೋರ ಕೊಯ್ಲು ಯಂತ್ರದ ಕಾರ್ಖಾನೆ ಇತ್ತು. ಈಗ ನಾವು ವಿ-ಲೈನ್ ರೈಲಿನಲ್ಲಿ ದಿನಾ ದಾಟಿ ಹೋಗೋ ಸ್ಟೇಷನ್. ಕೆಲಸಗಾರರಿಗೆ ನ್ಯಾಯವಾದ ಕೂಲಿ ಕೊಡೋ ಕಂಪನಿಗೆ ತೆರಿಗೆ ವಿನಾಯ್ತಿ ಅಂತ ಕಾನೂನಿತ್ತು. ನ್ಯಾಯವಾದ ಕೂಲಿ ಅಂದ್ರೆ ಎಷ್ಟು ಅನ್ನೋ ಪ್ರಶ್ನೆ ನ್ಯಾಯಮೂರ್ತಿ ಹಿಗಿನ್ಸ್ ಮುಂದೆ ಬಂತು. ಅವರು ಕಾರ್ಖಾನೆಯ ಲಾಭ ಎಷ್ಟು ಅಂತ ಕೇಳಲಿಲ್ಲ. ಕೂಲಿಯವರ ಮನೆಯ ಹೆಣ್ಣುಮಕ್ಕಳನ್ನೂ ಸಾಕ್ಷಿಗೆ ಕರೆಸಿ, ಬಾಡಿಗೆ ಎಷ್ಟು, ಊಟಕ್ಕೆ ಎಷ್ಟು, ಸೌದೆಗೆ ಎಷ್ಟು ಅಂತ ಕೇಳಿದರು. ಗಂಡ, ಹೆಂಡತಿ, ಮೂರು ಮಕ್ಕಳು ಮರ್ಯಾದೆಯಿಂದ ಬದುಕೋಕೆ ಬೇಕಾದಷ್ಟು ಅಂತ ಲೆಕ್ಕ ಹಾಕಿ, ಕಸುಬು ಕಲಿಯದ ಕೂಲಿಗೆ ದಿನಕ್ಕೆ 7 ಶಿಲ್ಲಿಂಗ್, ವಾರಕ್ಕೆ 42 ಶಿಲ್ಲಿಂಗ್ ಅಂತ ತೀರ್ಪು ಕೊಟ್ಟರು. ಮರುವರ್ಷ ಹೈಕೋರ್ಟ್ ಆ ಕಾನೂನನ್ನೇ ಹೊಡೆದು ಹಾಕಿತು. ಆದರೆ ಅಳತೆ ಉಳಿಯಿತು. ಈ ದೇಶದ ಕೂಲಿಯ ಲೆಕ್ಕಕ್ಕೆ ಮುಂದೆ ಅದೇ ತಳಪಾಯವಾಯಿತು. ಇವತ್ತಿನ ಅವಾರ್ಡ್ ರೇಟು ಅನ್ನೋದರ ಮೂಲ ಇಂಥ ಕಡೆ ಇದೆ.

ಒಂದು ಮಾತು ಮುಚ್ಚಿಡಬಾರದು. ಆ 7 ಶಿಲ್ಲಿಂಗ್ ನಮ್ಮಂಥವರನ್ನ ಮನಸ್ಸಿನಲ್ಲಿಟ್ಟು ಬರೆದದ್ದಲ್ಲ. 1901ರ ವಲಸೆ ಕಾನೂನಿನಲ್ಲಿ, ಬೇಡದವರಿಗೆ ಯಾವುದಾದರೂ ಯುರೋಪಿಯನ್ ಭಾಷೆಯಲ್ಲಿ 50 ಪದದ ಉಕ್ತಲೇಖನ ಕೊಟ್ಟು ಫೇಲ್ ಮಾಡಿ ವಾಪಸ್ ಕಳಿಸೋರು. ಏಷ್ಯಾದವರು ಕಡಿಮೆ ಕೂಲಿಗೆ ದುಡಿದು ನಮ್ಮ ಹೊಟ್ಟೆ ಮೇಲೆ ಹೊಡೀತಾರೆ ಅನ್ನೋ ಭಯ ಅದರ ಹಿಂದಿನ ಒಂದು ಕಾರಣ. ಆ ಪರೀಕ್ಷೆ ಹೋಗಿದ್ದು 1958ರಲ್ಲಿ. ಈಗ ಬಾಗಿಲು ತೆರೆದಿದೆ, ಅಳತೆಯೂ ನಮಗೂ ಅನ್ವಯ ಆಗುತ್ತೆ. ಹಾಗಿದ್ದೂ ಆ ಅಳತೆಗಿಂತ ಕಡಿಮೆಗೆ ನಾವೇ ಒಪ್ಪಿಕೊಂಡರೆ, ಆ ಹಳೇ ಭಯಕ್ಕೆ ನಾವೇ ಸಾಕ್ಷಿ ಹೇಳಿದ ಹಾಗೆ ಆಗುತ್ತೆ.

ನಾನು ಹಾಕಿದ ಸೈನ್

ಈಗ ನನ್ನ ಕಾಗದ. ಸಿಡ್ನಿಗೆ ಬಂದಾಗ ನನ್ನ ಸರ್ಕಾರಿ ಐಟಿಐ ಸರ್ಟಿಫಿಕೇಟು, ಹತ್ತು ವರ್ಷದ ಅನುಭವ, ಯಾವುದೂ ಇಲ್ಲಿಯ ಲೈಸೆನ್ಸಿಗೆ ನೇರ ಸಾಲೋದಿಲ್ಲ ಅನ್ನೋದು ನಿಮಗೆಲ್ಲ ಗೊತ್ತಿರೋದೇ. ಲೈಸೆನ್ಸ್ ಇರೋನ ಕೈಕೆಳಗೆ ಕೆಲಸ ಮಾಡಬೇಕು. ಒಬ್ಬ ಕಂಟ್ರಾಕ್ಟರ್ ಸಿಕ್ಕ. ಗಂಟೆಗೆ ಇಷ್ಟು, "ಆಲ್ ಇನ್", ಎಬಿಎನ್ ಮಾಡಿಸಿಕೋ ಅಂದ. ಒಂದು ಪುಟದ ಕಾಗದ ಕೊಟ್ಟ.

ನನ್ನ ತಲೆಯಲ್ಲಿ ಸಿದ್ಧಗಂಗೆ ಜಾತ್ರೆ. ಇದು ಮೊದಲ ಬೆಲೆ, ನಮಸ್ಕಾರದ ಬೆಲೆ. ಈಗ ಒಪ್ಪಿಕೊಂಡು ಕೆಲಸ ತೋರಿಸಿದರೆ ಅವನೇ ಕರೆದು ಜಾಸ್ತಿ ಮಾಡ್ತಾನೆ ಅಂದುಕೊಂಡೆ. "ಆಲ್ ಇನ್" ಅಂದ್ರೆ ಊಟ, ಬಸ್ ಚಾರ್ಜ್ ಎಲ್ಲ ಸೇರಿ ಅಂದುಕೊಂಡೆ. ಅವನು "ಏನಾದರೂ ಕೇಳೋದಿದೆಯಾ?" ಅಂತ ಕೇಳಿದ. ಕೇಳಿದರೆ ನಂಬಿಕೆ ಇಲ್ಲ ಅಂತ ತಿಳೀತಾನೇನೋ ಅಂತ ನಾಚಿಕೆಯಾಗಿ ತಲೆ ಅಲ್ಲಾಡಿಸಿದೆ. ಅವನ ಲೆಕ್ಕದಲ್ಲಿ ಅಲ್ಲಿಗೆ ಮಾತು ಮುಗೀತು, ಇನ್ನು ಬದಲಾಯಿಸೋ ಮಾತೇ ಇಲ್ಲ. ನನ್ನ ಲೆಕ್ಕದಲ್ಲಿ ಮಾತು ಈಗ ಶುರು.

ಹನ್ನೊಂದು ತಿಂಗಳು ದುಡಿದೆ. ಅವನ ಯೂಟು, ಅವನ ಟೂಲ್ಸು, ಅವನು ಹೇಳಿದ ಟೈಮು. ಹೆಸರಿಗೆ ಮಾತ್ರ ನಾನು ಸ್ವಂತ ವ್ಯಾಪಾರಸ್ಥ. ಸೂಪರ್ ಇಲ್ಲ, ರಜೆ ಇಲ್ಲ. ಒಂದು ದಿನ ಏಣಿಯಿಂದ ಜಾರಿ ಮಣಿಕಟ್ಟು ಮುರಿದಾಗ, "ನೀನು ಕಂಟ್ರಾಕ್ಟರ್, ನಿನ್ನ ಇನ್ಶೂರೆನ್ಸ್ ನೋಡಿಕೋ" ಅಂದ. ಆರು ವಾರ ಹ್ಯಾರಿಸ್ ಪಾರ್ಕಿನ ಒಂದು ರೂಮಿನಲ್ಲಿ ಗೆಳೆಯರ ಅನ್ನ ತಿಂದೆ. ಮನೆಗೆ ಫೋನ್ ಮಾಡಿದಾಗ ಎಲ್ಲ ಚೆನ್ನಾಗಿದೆ ಅಂದೆ. ಸಂಚಕಾರ ಅನ್ನೋ ಮಾತಿಗೆ ನಮ್ಮಲ್ಲಿ ಎರಡು ಅರ್ಥ ಯಾಕಿದೆ ಅಂತ ಆವತ್ತು ತಿಳೀತು.

ಆಮೇಲೆ ಒಬ್ಬ ಗ್ರೀಕ್ ಮುದುಕ, ಸೈಟಿನಲ್ಲಿ ಪ್ಲಾಸ್ಟರ್ ಮಾಡೋನು, ನನಗೆ ತಿಳಿಹೇಳಿದ. ಕೆಲಸಗಾರನನ್ನ ಕಂಟ್ರಾಕ್ಟರ್ ಅಂತ ಸುಳ್ಳು ತೋರಿಸೋದನ್ನ 2009ರ ಫೇರ್ ವರ್ಕ್ ಕಾಯ್ದೆ ನಿಷೇಧಿಸಿದೆ. ಕಾಗದದಲ್ಲಿ ಏನೇ ಇರಲಿ, ನಿಜವಾಗಿ ಕೆಲಸ ಹೇಗೆ ನಡೆಯುತ್ತೆ ಅಂತಾನೂ ನೋಡ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ ಅವನು ಹೇಳಿದ್ದು: "ಇಲ್ಲಿ ಕನಿಷ್ಠಕ್ಕಿಂತ ಕಡಿಮೆಗೆ ನೀನು ಒಪ್ಪಿ ಸೈನ್ ಹಾಕಿದರೂ ಅದು ನಡೆಯಲ್ಲ." ನನಗೆ ನಂಬಿಕೆ ಬರಲಿಲ್ಲ. ಜಾತ್ರೆಯಲ್ಲಿ ಒಪ್ಪಿದ ಮೇಲೆ ಮುಗೀತು. ಇಲ್ಲಿ ಒಪ್ಪಿಗೆಗೂ ಕೆಳಗೆ ಒಂದು ಗೆರೆ ಇದೆ. ಸನ್‌ಶೈನ್‌ನ ಆ ತೀರ್ಪಿನಂಥ ಕಡೆ ಎಳೆದ ಗೆರೆ. ನನಗೆ ಅದು ಕಾಣಿಸಿರಲಿಲ್ಲ, ಯಾಕಂದ್ರೆ ಕೇಳಿರಲಿಲ್ಲ. ದೂರು ಕೊಟ್ಟೆ. ಸ್ವಲ್ಪ ಬಂತು, ಪೂರ್ತಿ ಬರಲಿಲ್ಲ. ಆಮೇಲೆ ಮೆಲ್ಬರ್ನಿಗೆ ಬಂದು, ಗ್ಯಾಪ್ ಟ್ರೈನಿಂಗ್ ಮುಗಿಸಿ, ಎ ಗ್ರೇಡ್ ಲೈಸೆನ್ಸ್ ತಗೊಂಡೆ.

ಆ ಇಬ್ಬರು ಹುಡುಗರಿಗೆ ನಾನು ಸೈನ್ ಮಾಡಿ ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ನಾಲ್ಕು ಪ್ರಶ್ನೆ ಬರೆದುಕೊಟ್ಟೆ, ಹೋಗಿ ಕೇಳಿ, ಉತ್ತರ ಮೆಸೇಜಿನಲ್ಲಿ ಬರೆಸಿಕೊಳ್ಳಿ ಅಂದೆ. ನಾನು ಎಂಪ್ಲಾಯಿನಾ, ಕಂಟ್ರಾಕ್ಟರಾ? ಯಾವ ಅವಾರ್ಡು, ಯಾವ ಲೆವೆಲ್ಲು? 12 ಪರ್ಸೆಂಟ್ ಸೂಪರ್ ಈ ರೇಟಿನ ಒಳಗೋ ಹೊರಗೋ? ಪೆಟ್ಟಾದರೆ ಯಾರ ಇನ್ಶೂರೆನ್ಸು? ಕೇಳೋದು ಇಲ್ಲಿ ಅವಮರ್ಯಾದೆ ಅಲ್ಲ, ಕೇಳದೆ ತಲೆ ಅಲ್ಲಾಡಿಸೋದೇ ಅವರಿಗೆ ಒಪ್ಪಿಗೆ. ಇಂಗ್ಲಿಷ್ ತೊಡಕಾದರೆ 131 450ಕ್ಕೆ ಫೋನ್ ಮಾಡಿ ಕನ್ನಡ ದುಭಾಷಿ ಬೇಕು ಅಂತ ಕೇಳಿ. ಬ್ಯಾಟ್‌ಮನ್ ಎದುರು ಕೂತ ಹಿರಿಯರಿಗೆ ಆ ಅನುಕೂಲ ಇರಲಿಲ್ಲ, ನಮಗಿದೆ.

ಕೊಪ್ಪಳದ ಹುಡುಗ ಕೇಳಿದ. ಆ ಮೇಸ್ತ್ರಿ ಎರಡು ದಿನ ಉತ್ತರ ಕೊಡಲಿಲ್ಲ, ಮೂರನೇ ದಿನ ಕೆಲಸ ಬೇರೆಯವರಿಗೆ ಕೊಟ್ಟಾಯ್ತು ಅಂದನಂತೆ. ಹುಡುಗ ಬೇಜಾರಿನಲ್ಲಿ ಫೋನ್ ಮಾಡಿದ. ಅವನಿಗೆ ನಾನು ಅಪ್ಪ ಹೇಳಿದ ಹಾಗೆ "ಬರ್ತಾನೆ ಬಿಡು" ಅನ್ನಲಿಲ್ಲ. ಇಲ್ಲಿಯವರು ಹೋದರೆ ವಾಪಸ್ ಬರಲ್ಲ ಅಂತ ಗೊತ್ತು. ಮರುದಿನ ಬೆಳಿಗ್ಗೆ ಆರೂವರೆಗೆ ಅವನನ್ನ ನನ್ನ ಯೂಟಿನಲ್ಲಿ ಕೂರಿಸಿಕೊಂಡು ನನಗೆ ಗೊತ್ತಿರೋ ಇನ್ನೊಂದು ಸೈಟಿಗೆ ಕರಕೊಂಡು ಹೋದೆ. ಅಲ್ಲಿ ಅವನು ಅದೇ ನಾಲ್ಕು ಪ್ರಶ್ನೆ ಕೇಳಿದ. ಆ ಫೋರ್‌ಮನ್ ನಾಲ್ಕಕ್ಕೂ ನಿಂತಲ್ಲೇ ಉತ್ತರ ಕೊಟ್ಟ.